ಹಳೇ ಗೋವಾಕ್ಕೆ ನಲವತ್ತು ನಿಮಿಷ ಸಾಲದು: ಶಾಲಾ ಪ್ರವಾಸ ನಡೆಸುವವರಿಗೊಂದು ಬಹಿರಂಗ ಪತ್ರ

ಗೆ,
ಗೋವಾಕ್ಕೆ ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆ ಕರೆದೊಯ್ಯುವ ಕರ್ನಾಟಕದ ಶಾಲೆಗಳ ಮುಖ್ಯೋಪಾಧ್ಯಾಯರು, ಶಿಕ್ಷಕರು ಹಾಗೂ ಪ್ರವಾಸ ಸಂಘಟಕರಿಗೆ

ಮಾನ್ಯರೇ,

ಚಳಿಗಾಲ ಶುರುವಾದರೆ ಸಾಕು, ಹಳೇ ಗೋವಾದ ಗಾಂಧಿ ಪ್ರತಿಮೆಯ ವೃತ್ತದ ಸುತ್ತ ಕನ್ನಡ ಫಲಕದ ಬಸ್ಸುಗಳು ಸಾಲುಗಟ್ಟುತ್ತವೆ. ಬಾಗಿಲು ತೆರೆಯುವ ಮೊದಲೇ ಶಿಕ್ಷಕರ ಸೀಟಿ ಕೇಳುತ್ತದೆ: "ನಲವತ್ತು ನಿಮಿಷ, ಎಲ್ಲರೂ ಬಸ್ಸಿಗೆ ವಾಪಸ್." ಮಕ್ಕಳು ಬೊಮ್ ಜೀಸಸ್ ಬಸಿಲಿಕಾ ಎಂಬ ಚರ್ಚಿನ ಕಡೆ ಓಡುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಒಂದೇ ಪ್ರಶ್ನೆ: "ಸರ್, ಹೆಣ ಎಲ್ಲಿದೆ?" ಬಲಗಡೆಯ ಪುಟ್ಟ ಪೂಜಾಸ್ಥಳದಲ್ಲಿ ಎತ್ತರದ ಪೀಠದ ಮೇಲಿರುವ, ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹವನ್ನಿಟ್ಟ ಬೆಳ್ಳಿ ಪೆಟ್ಟಿಗೆಯತ್ತ ಕತ್ತು ಚಾಚುತ್ತಾರೆ. ಕೆಳಗಿನಿಂದ ಹೆಚ್ಚೇನೂ ಕಾಣುವುದಿಲ್ಲ. ನಿರಾಶೆಯಿಂದ ಹೊರಬಂದು, ಟೋಪಿಯೋ ಕೀಚೈನೋ ಕೊಂಡು ಬಸ್ಸು ಹತ್ತುತ್ತಾರೆ. ಮುಂದೆ ಮಿರಾಮಾರ್, ದೋನಾ ಪಾವ್ಲಾ, ಸಂಜೆಯ ದೋಣಿವಿಹಾರ. ಹಳೇ ಗೋವಾ ಮುಗಿಯಿತು.

ಇದು ಒಂದು ಶಾಲೆಯ ತಪ್ಪಲ್ಲ, ಹಲವಾರು ವರ್ಷಗಳಿಂದ ಪ್ರವಾಸದ ವೇಳಾಪಟ್ಟಿಗಳು ಒಂದನ್ನೊಂದು ನಕಲು ಮಾಡುತ್ತಾ ಬಂದದ್ದರ ಫಲ. ಎರಡು ದಿನಕ್ಕೆ ಹನ್ನೆರಡು ಸ್ಥಳ ತುಂಬಿಸಲು ಹೊರಟಾಗ ಮೊದಲು ಕತ್ತರಿ ಬೀಳುವುದು ಇಲ್ಲಿಗೇ. ಕಡಲತೀರ ನಮ್ಮ ಕಾರವಾರದಲ್ಲೂ ಇದೆ, ಮಲ್ಪೆಯಲ್ಲೂ ಇದೆ. ಪೋರ್ಚುಗೀಸರ ಹಳೆಯ ರಾಜಧಾನಿಯಾಗಿದ್ದ ಇಂಥ ಊರು ಮಾತ್ರ ನಮ್ಮ ಗಡಿಯಿಂದ ಕೆಲವೇ ಗಂಟೆಗಳ ದೂರದಲ್ಲಿ ಇದೊಂದೇ. ಅದಕ್ಕೇ ಈ ಪತ್ರ.

ಮೊದಲ ದೂರು, ಮಕ್ಕಳಿಗೆ ಹೇಳುವ ಸುಳ್ಳುಗಳ ಬಗ್ಗೆ. ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹದಲ್ಲಿ ಇಂದಿಗೂ ಉಗುರು, ಕೂದಲು ಬೆಳೆಯುತ್ತವೆ, ಚುಚ್ಚಿದರೆ ರಕ್ತ ಬರುತ್ತದೆ ಎಂದು ಬಸ್ಸಿನ ಮೈಕಿನಲ್ಲಿ ಹೇಳುವವರಿದ್ದಾರೆ. ಅದು ಔಷಧಿ ಹಾಕಿದ ಮಮ್ಮಿ ಎಂದು ಹೇಳುವವರೂ ಇದ್ದಾರೆ. ಎರಡೂ ಸರಿಯಲ್ಲ. ನಡೆದದ್ದು ಇಷ್ಟು: ಸ್ಪೇನಿನ ನವಾರ್ರಾ ಪ್ರಾಂತ್ಯದಲ್ಲಿ 1506ರಲ್ಲಿ ಹುಟ್ಟಿದ ಫ್ರಾನ್ಸಿಸ್ 1542ರ ಮೇ 6ರಂದು ಗೋವಾಕ್ಕೆ ಬಂದಿಳಿದರು. ಕೈಗಂಟೆ ಬಾರಿಸುತ್ತಾ ಬೀದಿ ಬೀದಿ ಸುತ್ತಿ ಮಕ್ಕಳನ್ನು ಧರ್ಮೋಪದೇಶಕ್ಕೆ ಕೂಗಿ ಕರೆಯುತ್ತಿದ್ದರು. ಮಲಬಾರು, ಮಲಕ್ಕಾ, ಜಪಾನುಗಳನ್ನು ಸುತ್ತಿ, 1552ರ ಡಿಸೆಂಬರ್ 3ರಂದು ಚೀನಾದ ತೀರದ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡರು. ಮಾಂಸ ಬೇಗ ಕರಗಿ ಮೂಳೆಗಳನ್ನು ಸಾಗಿಸಲು ಅನುಕೂಲವಾಗಲಿ ಎಂದು ಶವಪೆಟ್ಟಿಗೆಗೆ ಸುಣ್ಣ ತುಂಬಿ ಹೂತಿದ್ದರು. ತಿಂಗಳುಗಳ ಮೇಲೆ ತೆಗೆದಾಗ ದೇಹ ಕೆಟ್ಟಿರಲಿಲ್ಲವೆಂದು ಅಂದಿನವರು ಬರೆದಿಟ್ಟರು. ಮಲಕ್ಕಾದ ಮೂಲಕ 1554ರಲ್ಲಿ ಅದು ಗೋವಾಕ್ಕೆ ಬಂತು. 1614ರಲ್ಲಿ ಬಲಗೈಯ ಒಂದು ಭಾಗವನ್ನು ರೋಮಿಗೆ ಕಳುಹಿಸಿದರು. 1622ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು. ಈಗಿರುವುದು ಒಣಗಿ ಕುಗ್ಗಿದ ಪಾರ್ಥಿವ ಶರೀರ. ಕ್ರೈಸ್ತ ಸಭೆಯೇ ಅದನ್ನು "ಪವಿತ್ರ ಅವಶೇಷ" ಎನ್ನುತ್ತದೆ. ಭಕ್ತರು ಅದನ್ನು ನೋಡುವ ಕಣ್ಣು ಬೇರೆ, ವಿಜ್ಞಾನದ ಮೇಷ್ಟ್ರು ನೋಡುವ ಕಣ್ಣು ಬೇರೆ. ಎರಡಕ್ಕೂ ಸುಳ್ಳಿನ ಅಗತ್ಯವಿಲ್ಲ.

ವದಂತಿಗೆ ಇಲ್ಲಿ ಹಳೆಯ ಚರಿತ್ರೆಯೇ ಇದೆ. 1759ರಲ್ಲಿ ಪೋರ್ಚುಗೀಸ್ ಆಳ್ವಿಕೆಯ ನೆಲಗಳಿಂದ, ಫ್ರಾನ್ಸಿಸ್ ಸೇರಿದ್ದ ಜೆಸ್ವಿಟ್ ಸಭೆಯ ಗುರುಗಳನ್ನು ಹೊರಹಾಕಿದ ಮೇಲೆ, ಅವರು ಹೋಗುವಾಗ ಸಂತರ ದೇಹವನ್ನೂ ಬದಲಿಸಿ ಒಯ್ದರು ಎಂಬ ಗಾಳಿಮಾತು ಹಬ್ಬಿತು. ಅದನ್ನು ಅಡಗಿಸಲೆಂದೇ 1782ರಲ್ಲಿ ಮೊದಲ ಬಾರಿಗೆ ಸಾರ್ವಜನಿಕ ದರ್ಶನ ಏರ್ಪಾಡಾಯಿತು. ಈಗ ಹತ್ತು ವರ್ಷಕ್ಕೊಮ್ಮೆ ಪೆಟ್ಟಿಗೆಯನ್ನು ಕೆಳಗಿಳಿಸಿ ಎದುರಿನ ಸೆ ಕೆಥೆಡ್ರಲಿಗೆ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಕಳೆದ ದರ್ಶನ ನಡೆದದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ. ಆದ್ದರಿಂದ ಮುಂದಿನ ಕೆಲವು ವರ್ಷ "ದೇಹ ತೋರಿಸುತ್ತೇವೆ" ಎಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಬದಲಿಗೆ ಎದುರಿಗೇ ಇರುವುದನ್ನು ತೋರಿಸಿ. ಆ ಬೆಳ್ಳಿ ಪೆಟ್ಟಿಗೆ 1636-37ರಲ್ಲಿ ಗೋವಾದ ಅಕ್ಕಸಾಲಿಗರೇ ಮಾಡಿದ್ದು, ಅದರ ಮೈತುಂಬ ಸಂತರ ಬದುಕಿನ ಚಿತ್ರಗಳಿವೆ. ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಫ್ಲಾರೆನ್ಸಿನ ಶಿಲ್ಪಿ ಫೊಗ್ಗಿನಿಯ ಕೆಲಸ. ಟಸ್ಕನಿಯ ದೊರೆ ಮೂರನೇ ಕೋಸಿಮೊ ಕಾಣಿಕೆಯಾಗಿ ಕಳುಹಿಸಿದ್ದು, 1698ರಲ್ಲಿ ಇಲ್ಲಿ ನಿಲ್ಲಿಸಿದ್ದು. ಅದರ ನಾಲ್ಕೂ ಬದಿಯಲ್ಲಿ ಸಂತರ ಬದುಕಿನ ಕಂಚಿನ ಫಲಕಗಳಿವೆ. ಮೇಲೆ ನೋಡಿ ಸೋತ ಮಗು ಕಣ್ಣು ಕೆಳಗಿಳಿಸಿದರೆ ಇಡೀ ಕಥೆ ಅಲ್ಲೇ ಇದೆ.

ಎರಡನೆಯ ದೂರು ಕಲ್ಲಿನದು. ಬಸಿಲಿಕಾದ ಕೆಲಸ 1594ರಲ್ಲಿ ಶುರುವಾಗಿ 1605ರಲ್ಲಿ ಪ್ರತಿಷ್ಠೆಯಾಯಿತು. ಮುಂಭಾಗದ ಕೆತ್ತನೆಗೆ ವಸಯಿಯಿಂದ ತರಿಸಿದ ಕರಿಕಲ್ಲು, ಉಳಿದ ಗೋಡೆಯೆಲ್ಲ ನಮ್ಮ ಕರಾವಳಿಯವರು ಮುರಕಲ್ಲು, ಚಿರೇಕಲ್ಲು ಎನ್ನುವ ಜಂಬಿಟ್ಟಿಗೆ. ಕುಮಟೆ, ಹೊನ್ನಾವರ, ಕಾರ್ಕಳದ ಮಕ್ಕಳಿಗೆ ಈ ಕಲ್ಲಿನ ಗುಣ ಹೇಳಿಕೊಡಬೇಕಾಗಿಲ್ಲ. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಗಟ್ಟಿ, ಮೈತುಂಬ ತೂತು. ಮಳೆ ನೀರು ಕುಡಿಯುತ್ತದೆ, ಆದ್ದರಿಂದ ಸುಣ್ಣದ ಗಾರೆ ಬೇಕೇ ಬೇಕು. ಬೊಮ್ ಜೀಸಸ್‌ಗೂ ಆ ಗಾರೆಯಿತ್ತು. 1950ರ ದಶಕದಲ್ಲಿ ಹಳೆಯ ಕಟ್ಟಡ ಹಳೆಯದಾಗಿಯೇ ಕಾಣಲಿ ಎಂದು ಅದನ್ನು ಕಿತ್ತು ಹಾಕಿದರು. ಅಂದಿನಿಂದ ಪ್ರತಿ ಮಳೆಗಾಲವೂ ಬರಿಮೈಯ ಕಲ್ಲಿಗೇ ಬಡಿಯುತ್ತದೆ. ಪ್ರವಾಸಿಗರು ಮೆಚ್ಚಿ ಫೋಟೋ ತೆಗೆಯುವ ಆ ಕೆಂಪು ಬಣ್ಣ ಕಟ್ಟಿದವರು ಕೊಟ್ಟದ್ದಲ್ಲ, ಚರ್ಮ ಸುಲಿದ ಬಣ್ಣ. ಮಕ್ಕಳು ಆ ಗೋಡೆಗೆ ಒರಗಿ ನಿಲ್ಲುತ್ತಾರೆ, ಉಗುರಿನಿಂದ ಕೆರೆಯುತ್ತಾರೆ, ಕೆಲವರು ಕೈವಾರದ ಮೊನೆಯಿಂದ ಹೆಸರು ಕೊರೆಯುತ್ತಾರೆ. ಉದುರಿದ ಕೆಂಪು ಹುಡಿ ಮತ್ತೆ ಕಲ್ಲಾಗುವುದಿಲ್ಲ. 1986ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಗೋಡೆ ಅದು. ಬಸ್ಸಿಳಿಯುವ ಮೊದಲೇ ಈ ಒಂದು ಮಾತು ಹೇಳಿದರೆ ಮಕ್ಕಳು ಖಂಡಿತ ಕೇಳುತ್ತಾರೆ. ಯಾರೂ ಹೇಳುವುದಿಲ್ಲ ಎಂಬುದೇ ನೋವು.

ಮೂರನೆಯದು ನಡವಳಿಕೆ. ಇವು ಬರಿಯ ಸ್ಮಾರಕಗಳಲ್ಲ, ಇಲ್ಲಿ ದಿನವೂ ಬಲಿಪೂಜೆ, ಅಂದರೆ ಕಥೋಲಿಕರ ಮಾಸ್ ಪ್ರಾರ್ಥನೆ, ನಡೆಯುತ್ತದೆ. ಗೋವಾದ ಜನ, ಬೇರೆ ಧರ್ಮದವರೂ ಸೇರಿದಂತೆ, ಈ ಸಂತರನ್ನು "ಗೊಂಯ್ಚೊ ಸಾಯ್ಬ್" ಎಂದು ಕರೆಯುತ್ತಾರೆ, ಅಂದರೆ ಗೋವೆಯ ಒಡೆಯ. ಪೂಜೆಯ ನಡುವೆ ಐವತ್ತು ಮಕ್ಕಳು ನುಗ್ಗಿದರೆ ಮೊಣಕಾಲೂರಿ ಕುಳಿತ ಮುದುಕಿಗೆ ಏನನ್ನಿಸಬೇಕು? ಎಲ್ಲಕ್ಕಿಂತ ದೊಡ್ಡ ಎಡವಟ್ಟು ಪರಮಪ್ರಸಾದದ ಹೊತ್ತಿನಲ್ಲಿ ಆಗುತ್ತದೆ. ಗುರುಗಳು ಬಿಳಿಯ ರೊಟ್ಟಿಯ ಬಿಲ್ಲೆ ಕೊಡುವುದನ್ನು ಕಂಡು, ದೇವಸ್ಥಾನದ ಪ್ರಸಾದವೆಂದುಕೊಂಡು ನಮ್ಮ ಮಕ್ಕಳು ಭಕ್ತಿಯಿಂದಲೇ ಸಾಲಿನಲ್ಲಿ ನಿಲ್ಲುತ್ತಾರೆ. ಕೈಗೆ ಬಂದರೆ ಅಮ್ಮನಿಗೆಂದು ಜೇಬಿಗೆ ಹಾಕಿಕೊಳ್ಳುತ್ತಾರೆ. ಕಥೋಲಿಕರ ನಂಬಿಕೆಯಲ್ಲಿ ಅದು ಯೇಸುವಿನ ಶರೀರ. ಜ್ಞಾನಸ್ನಾನ ಪಡೆದು ಸಿದ್ಧರಾದ ಕಥೋಲಿಕರು ಮಾತ್ರ ಅಲ್ಲೇ ಸ್ವೀಕರಿಸತಕ್ಕದ್ದು, ಜೇಬಿನಲ್ಲಿಟ್ಟುಕೊಂಡು ಹೋಗುವಂಥದ್ದಲ್ಲ. ಮಗುವಿನ ತಪ್ಪು ಇಲ್ಲಿ ಏನೂ ಇಲ್ಲ, ಹೇಳದವರದೇ ತಪ್ಪು. ಬಾಗಿಲ ಬಳಿಯ ಬಟ್ಟಲಿನಲ್ಲಿರುವುದು ಕೈತೊಳೆಯುವ ನೀರಲ್ಲ, ಮಂತ್ರಿಸಿದ ತೀರ್ಥ. ಚಪ್ಪಲಿ ಬಿಡಬೇಕಾಗಿಲ್ಲ, ಗಂಡುಮಕ್ಕಳು ಟೋಪಿ ತೆಗೆಯಬೇಕು. ತೋಳಿಲ್ಲದ ಅಂಗಿ, ಮೊಣಕಾಲು ಕಾಣುವ ಚಡ್ಡಿ ಬೇಡ. ಬಲಿಪೀಠಕ್ಕೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಳ್ಳುವುದು ಬೇಡ. ಹೊರಗೆ ಮೇಣದ ಕೈ, ಕಾಲು, ಮನೆ, ಗೊಂಬೆಗಳನ್ನು ಮಾರುತ್ತಾರೆ. ಅವು ಆಟಿಕೆಯಲ್ಲ, ಹರಕೆಯವು, ನಮ್ಮೂರ ಜಾತ್ರೆಗಳಲ್ಲಿ ಬೆಳ್ಳಿಯ ಕಣ್ಣು, ಕಾಲು ಒಪ್ಪಿಸುವ ಹಾಗೆಯೇ. ಇಷ್ಟು ಹೋಲಿಕೆ ಕೊಟ್ಟರೆ ಹಳ್ಳಿಯ ಮಗುವಿಗೆ ಎಲ್ಲವೂ ಅರ್ಥವಾಗುತ್ತದೆ.

ಈಗ ಸಮಯದ ಮಾತು. ಹುಬ್ಬಳ್ಳಿ, ಬೆಳಗಾವಿ ಕಡೆಯ ಬಸ್ಸುಗಳು ಅನಮೋಡ ಘಾಟಿ ಇಳಿದು ಮೊಲ್ಲೆಂ, ಫೋಂಡಾ ಮೇಲೆ ಬರುತ್ತವೆ. ಈ ದಾರಿಯಲ್ಲಿ ಪಣಜಿಗಿಂತ ಹತ್ತು ಕಿಲೋಮೀಟರ್ ಮೊದಲೇ ಹಳೇ ಗೋವಾ ಸಿಗುತ್ತದೆ. ರಾತ್ರಿಯಿಡೀ ಪ್ರಯಾಣ ಮಾಡಿ, ಮುಖ ತೊಳೆಯದ, ತಿಂಡಿ ತಿನ್ನದ ಮಕ್ಕಳನ್ನು ನಸುಕಿಗೇ ಇಲ್ಲಿ ಇಳಿಸುವುದು ರೂಢಿಯಾಗಿಬಿಟ್ಟಿದೆ. ಬಸಿಲಿಕಾ ಪ್ರವಾಸಿಗರಿಗೆ ತೆರೆಯುವುದು 9 ಗಂಟೆಗೆ, ಭಾನುವಾರ ಬೆಳಗಿನ ಪೂಜೆಗಳು ಮುಗಿದು ಸುಮಾರು 10:30ಕ್ಕೆ. ಹೊಟ್ಟೆ ಹಸಿದ, ತೂಕಡಿಸುವ ಮಗುವಿಗೆ ಯಾವ ಚರಿತ್ರೆಯೂ ತಲೆಗೆ ಹೋಗದು. ಸ್ನಾನ, ತಿಂಡಿ ಫೋಂಡಾದಲ್ಲಿ ಮುಗಿಸಿ 8 ಗಂಟೆಗೆ ಇಲ್ಲಿಗೆ ಬನ್ನಿ. ಕಾರವಾರದ ಕಡೆಯಿಂದ ಬರುವವರಿಗೆ ಇನ್ನೊಂದು ಎಚ್ಚರಿಕೆ: ಮಡಗಾಂವ್-ಪಣಜಿ ಹೆದ್ದಾರಿಯಲ್ಲಿ ಗೋವಾ ವೆಲ್ಹಾ ಎಂಬ ಊರು ಸಿಗುತ್ತದೆ. ಹೆಸರಿನ ಅರ್ಥವೂ ಹಳೇ ಗೋವಾ ಎಂದೇ, ಆದರೆ ಅದು ಬೇರೆ ಊರು. ಮೊಬೈಲಿನ ನಕ್ಷೆಯಲ್ಲಿ ಹೆಸರು ಹಾಕುವಾಗ ಎಡವುವ ಚಾಲಕರಿದ್ದಾರೆ. "ಬೊಮ್ ಜೀಸಸ್ ಬಸಿಲಿಕಾ" ಎಂದೇ ಹಾಕಿ. ಆ ಗೋವಾ ವೆಲ್ಹಾದ ಹತ್ತಿರವೇ ಗೋವೆ ಕದಂಬರ ರೇವುಪಟ್ಟಣ ಗೋಪಕಪಟ್ಟಣವಿತ್ತು. ಹಲಸಿ, ದೇಗಾಂವೆಗಳಲ್ಲಿ ಕನ್ನಡ ಶಾಸನ ಹಾಕಿಸಿದ ಅರಸರು ಇವರೇ. ಇಂದಿಗೂ ಗೋವಾದ ಸರ್ಕಾರಿ ಬಸ್ಸಿನ ಮೇಲೆ ಅವರ ಹೆಸರಿದೆ.

8 ಗಂಟೆಗೆ ಬಸಿಲಿಕಾದ ಬಾಗಿಲಲ್ಲಿ ಕಾಯುವ ಬದಲು ಮಕ್ಕಳನ್ನು ಮಾಂಡೋವಿ ದಂಡೆಗೆ ನಡೆಸಿ. ಈ ಊರಿಗೆ ಜನ ಬಂದದ್ದು ಹೊಳೆಯಿಂದ, ಊರು ತೆರೆದುಕೊಳ್ಳುವುದೂ ಅಲ್ಲಿಂದಲೇ. ದಿವಾಡಿ ದ್ವೀಪಕ್ಕೆ ಹೋಗುವ ಫೆರ್ರಿಯ ಕಟ್ಟೆಯಿಂದ ಮೇಲೆ ಬಂದರೆ ವೈಸರಾಯ್ ಕಮಾನು. ವಾಸ್ಕೋ ಡ ಗಾಮನ ಮರಿಮಗ ಫ್ರಾನ್ಸಿಸ್ಕೋ ಡ ಗಾಮ ಇಲ್ಲಿ ವೈಸರಾಯ್ ಆಗಿದ್ದಾಗ 1590ರ ದಶಕದ ಕೊನೆಗೆ ಕಟ್ಟಿಸಿದ್ದು, 1954ರಲ್ಲಿ ಮತ್ತೆ ಕಟ್ಟಿದ್ದು. ಹೊಳೆಗೆ ಮುಖ ಮಾಡಿ ವಾಸ್ಕೋನ ಪ್ರತಿಮೆಯಿದೆ. ಹೊಸ ವೈಸರಾಯ್ ಬಂದರೆ ಈ ಬಾಗಿಲಿನಿಂದಲೇ ಊರು ಪ್ರವೇಶಿಸಬೇಕಿತ್ತು. ಇನ್ನಷ್ಟು ಮೇಲೆ, ಸಂತ ಕಯೆತಾನರ ಚರ್ಚಿನ ಪಕ್ಕದಲ್ಲಿ ಎರಡು ಕಂಬ, ಮೇಲೊಂದು ತೊಲೆ, ಅಷ್ಟೇ ನಿಂತಿವೆ. ನಮ್ಮ ಬಸ್ಸುಗಳು ಯಾವತ್ತೂ ನಿಲ್ಲದ ಜಾಗ ಅದು. ಅದು ಆದಿಲ್ ಶಾಹಿ ಅರಮನೆಯ ಬಾಗಿಲು. ವಿಜಾಪುರದ ಸುಲ್ತಾನರ ಕೈಯಲ್ಲಿದ್ದ ಈ ಊರನ್ನು ಪೋರ್ಚುಗೀಸ್ ದಂಡನಾಯಕ ಆಲ್ಬುಕರ್ಕ್ ಗೆದ್ದದ್ದು 1510ರಲ್ಲಿ. ಹೋಗಿ ಗೋವಾ ಹಿಡಿ ಎಂದು ಅವನಿಗೆ ದಾರಿ ತೋರಿಸಿ ಜೊತೆಗೂಡಿದ್ದು ಹೊನ್ನಾವರದ ನೌಕಾನಾಯಕ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. ಗೋಳಗುಮ್ಮಟ ನೋಡಿ ಬಂದ ಮಗುವಿಗೆ, ಹೊನ್ನಾವರದ ಮಗುವಿಗೆ ಈ ಎರಡು ಕಂಬಗಳ ಮುಂದೆ ಐದು ನಿಮಿಷ ಪಾಠ ಮಾಡಿ ನೋಡಿ. ಪುಸ್ತಕದ ಎರಡು ಪಾಠಗಳು ಅಲ್ಲೇ ಕೈ ಕೂಡಿಸುತ್ತವೆ.

9 ಗಂಟೆಗೆ ಬಸಿಲಿಕಾಕ್ಕೆ ಬನ್ನಿ. ನೂರು ಮಕ್ಕಳಿದ್ದರೆ ಇಪ್ಪತ್ತೈದರ ನಾಲ್ಕು ಗುಂಪು ಮಾಡಿ. ಪಾಠವೆಲ್ಲ ಹೊರಗಿನ ಮರದ ನೆರಳಲ್ಲಿ ಮುಗಿಯಲಿ, ಒಳಗೆ ಬರೀ ನೋಟ. ಒಂದು ಗುಂಪು ಒಳಗಿದ್ದಾಗ ಉಳಿದವು ರಸ್ತೆಯಾಚೆಯ ಸೆ ಕೆಥೆಡ್ರಲಿನಲ್ಲಿರಲಿ. 11 ಗಂಟೆಯಾದರೆ ತೀರದ ಹೋಟೆಲುಗಳ ಬಸ್ಸುಗಳೆಲ್ಲ ಒಟ್ಟಿಗೆ ಬಂದು ಸೇರುತ್ತವೆ, ಆಮೇಲೆ ನಿಲ್ಲಲೂ ಜಾಗವಿರುವುದಿಲ್ಲ. ಸೆ ಕೆಥೆಡ್ರಲ್ ಸುಣ್ಣ ಬಳಿದ ಬಿಳಿ ಕಟ್ಟಡ, ಆದ್ದರಿಂದ ಕಲ್ಲಿನ ಪಾಠಕ್ಕೆ ಇದೇ ಉದಾಹರಣೆ: ಗಾರೆ ಉಳಿದಿರುವುದು ಇದು, ಕಳೆದುಕೊಂಡದ್ದು ಅದು. 1562ರಲ್ಲಿ ಶುರುವಾದ ಇದರ ಕಟ್ಟಡ ಮುಗಿದದ್ದು 1619ರಲ್ಲಿ. ಎರಡು ಗೋಪುರಗಳಿದ್ದವು, ಒಂದು 1776ರಲ್ಲಿ ಬಿತ್ತು. ಉಳಿದದ್ದರಲ್ಲಿ "ಚಿನ್ನದ ಗಂಟೆ" ಎಂದು ಹೆಸರಾದ, ಗೋವಾದಲ್ಲೇ ಅತಿ ದೊಡ್ಡ ಗಂಟೆಯಿದೆ. ಕೆಥೆಡ್ರಲಿನ ಹಿಂದಿರುವ ಸಂತ ಫ್ರಾನ್ಸಿಸ್ ಅಸ್ಸಿಸಿ ಚರ್ಚಿನ ನೆಲ ನೋಡಿ ಹೆಜ್ಜೆಯಿಡಲು ಹೇಳಿ, ಅದೆಲ್ಲ ಸಮಾಧಿ ಕಲ್ಲುಗಳು. ಅದಕ್ಕೆ ಅಂಟಿಕೊಂಡ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಪ್ರವಾಸದ ದಿನ ಗೊತ್ತುಮಾಡುವಾಗ ನೆನಪಿಡಿ.

ಆಮೇಲೆ ಹತ್ತು ನಿಮಿಷ ಏರು ಹತ್ತಿ ಪವಿತ್ರ ಬೆಟ್ಟಕ್ಕೆ. ಹಳೇ ಗೋವಾದಲ್ಲಿ ಮಕ್ಕಳ ಮನಸ್ಸಿನಲ್ಲಿ ಅಚ್ಚೊತ್ತಿ ನಿಲ್ಲುವ ಜಾಗ ಯಾವುದೆಂದರೆ ಇದೇ, ಸಂತ ಅಗಸ್ಟೀನರ ಗೋಪುರದ ಪಾಳು. 46 ಮೀಟರ್ ಎತ್ತರದ ಜಂಬಿಟ್ಟಿಗೆ ಗೋಪುರದ ಒಂದು ಪಾಲು ಮಾತ್ರ ಆಕಾಶಕ್ಕೆ ನಿಂತಿದೆ. ಸನ್ಯಾಸಿ ಸಭೆಗಳನ್ನು ಹೊರಹಾಕಿದ್ದರಿಂದ 1835ರಲ್ಲಿ ಮಠ ಖಾಲಿಯಾಯಿತು, 1842ರಲ್ಲಿ ಕಮಾನು ಚಾವಣಿ ಕುಸಿಯಿತು, 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಬಿದ್ದವು. ನೋಡಿಕೊಳ್ಳುವವರಿಲ್ಲದ ಕಟ್ಟಡ ಹೇಗೆ ಸಾಯುತ್ತದೆಂದು ವರ್ಷದ ಲೆಕ್ಕದಲ್ಲಿ ಇಲ್ಲಿ ಹೇಳಬಹುದು. ಇರಾನಿನ ಶಿರಾಜಿನಲ್ಲಿ 1624ರಲ್ಲಿ ಕೊಲೆಯಾದ ಜಾರ್ಜಿಯಾ ದೇಶದ ರಾಣಿ ಕೆತೆವಾನಳ ಅವಶೇಷಗಳು ಸಿಕ್ಕಿದ್ದು ಈ ಪಾಳಿನಲ್ಲೇ. ಹೈದರಾಬಾದಿನ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿದರು, 2021ರಲ್ಲಿ ಭಾರತ ಒಂದು ಭಾಗವನ್ನು ಆ ದೇಶಕ್ಕೆ ಒಪ್ಪಿಸಿತು. ಹೈಸ್ಕೂಲಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜೀವವಿಜ್ಞಾನದ ಪಾಠ ಎಲ್ಲಿದೆ? ಎದುರಿಗೇ ಇರುವ ಸಂತ ಮೋನಿಕಾ ಕನ್ಯಾಮಠದಲ್ಲಿ ಕ್ರೈಸ್ತ ಕಲೆಯ ಸಂಗ್ರಹಾಲಯವಿದೆ. ದಂತ, ಬೆಳ್ಳಿ, ಮರದ ಕೆಲಸದಲ್ಲಿ ಇಲ್ಲಿನ ಕುಶಲಕರ್ಮಿಗಳ ಕೈ ಕಾಣುತ್ತದೆ.

ಫೋಂಡಾ ಕಡೆಯ ರಸ್ತೆಯ ಬದಿಗೆ ಸಂತ ಪೌಲರ ಕಾಲೇಜಿನ ಮುಂಬಾಗಿಲೊಂದೇ ಉಳಿದಿದೆ. ಭಾರತಕ್ಕೆ ಮೊದಲ ಮುದ್ರಣ ಯಂತ್ರ ಬಂದದ್ದು ಇಲ್ಲಿಗೆ, 1556ರಲ್ಲಿ. ಪಠ್ಯಪುಸ್ತಕ ಹಿಡಿದ ಪ್ರತಿ ಮಗುವಿಗೂ ಇದನ್ನು ತೋರಿಸಲೇಬೇಕು.

ಒಂದು ಕಷ್ಟದ ಮಾತನ್ನೂ ಬಿಡಬಾರದು. ಈ ಊರಿನ ಭಕ್ತಿಯಷ್ಟೇ ಈ ಊರಿನ ಕ್ರೌರ್ಯವೂ ನಿಜ. ಪೋರ್ಚುಗೀಸ್ ಆಳ್ವಿಕೆಯಲ್ಲಿ ದೇವಸ್ಥಾನಗಳು ನೆಲಸಮವಾದವು. ದೇವರುಗಳನ್ನು ಹೊಳೆ ದಾಟಿಸಿ ಫೋಂಡಾ ಕಡೆಗೆ ಒಯ್ದರು, ಮಂಗೇಶಿಯೂ ಶಾಂತಾದುರ್ಗೆಯೂ ಹಾಗೆ ಹೋದ ದೇವರುಗಳೇ. 1560ರಲ್ಲಿ ಶುರುವಾದ ಇನ್ಕ್ವಿಸಿಷನ್ ಎಂಬ ಧರ್ಮವಿಚಾರಣೆ, ನಡುವೆ ಕೆಲವು ವರ್ಷ ಬಿಟ್ಟು, 1812ರವರೆಗೆ ನಡೆಯಿತು. ಅದು ಸ್ಥಾಪನೆಯಾದಾಗ ಫ್ರಾನ್ಸಿಸ್ ಕ್ಸೇವಿಯರ್ ತೀರಿಕೊಂಡು ಎಂಟು ವರ್ಷವಾಗಿತ್ತು. ಆದರೆ ಅಂಥದ್ದೊಂದು ಬೇಕೆಂದು 1546ರಲ್ಲಿ ಪೋರ್ಚುಗಲ್ ರಾಜನಿಗೆ ಬರೆದವರಲ್ಲಿ ಅವರೂ ಒಬ್ಬರು. ಹತ್ತನೇ ತರಗತಿಯ ಮಗುವಿಗೆ ಇದನ್ನು ಹೇಳಬೇಕು, ದ್ವೇಷವಿಲ್ಲದೆ, ಇಂದು ಅಲ್ಲಿ ಪ್ರಾರ್ಥಿಸುತ್ತಿರುವವರತ್ತ ಬೆರಳು ಮಾಡದೆ. ಕರಾವಳಿಯ ಕೊಂಕಣಿ ಹಿಂದೂ ಕುಟುಂಬಗಳೂ ಕೊಂಕಣಿ ಕ್ರೈಸ್ತ ಕುಟುಂಬಗಳೂ ಬೇರೆ ಬೇರೆ ಕಾಲದಲ್ಲಿ ಗೋವೆ ಬಿಟ್ಟು ನಮ್ಮ ನೆಲಕ್ಕೆ ಬಂದವರು. ನಿಮ್ಮ ಬಸ್ಸಿನಲ್ಲೇ ಇಬ್ಬರ ಮಕ್ಕಳೂ ಪಕ್ಕಪಕ್ಕದ ಸೀಟಿನಲ್ಲಿ ಕುಳಿತಿರಬಹುದು. ಕೆಲವು ಶಿಕ್ಷಕರು ಈ ವಿಷಯವನ್ನೇ ಮುಚ್ಚಿಡುತ್ತಾರೆ, ಕೆಲವರು ಇದೊಂದನ್ನೇ ಹೇಳುತ್ತಾರೆ. ಎರಡೂ ಮಕ್ಕಳಿಗೆ ಮಾಡುವ ಅನ್ಯಾಯ.

"ಊರೆಲ್ಲಿ ಸರ್, ಬರೀ ಚರ್ಚುಗಳಿವೆಯಲ್ಲ?" ಎಂದು ಮಕ್ಕಳು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ಮತ್ತೆ ಮತ್ತೆ ಬಂದ ಸಾಂಕ್ರಾಮಿಕಗಳಿಗೆ ಹೆದರಿ ಜನ ಊರು ಬಿಟ್ಟರು, ವೈಸರಾಯ್ ಕೂಡ ಹೊರಗೆ ಹೋದ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಬಿಟ್ಟುಹೋದ ಮನೆ, ಅರಮನೆಗಳ ಕಲ್ಲುಗಳನ್ನು ಕಿತ್ತು ಪಣಜಿ ಕಟ್ಟಲು ಒಯ್ದರು. ಹುಲ್ಲುಹಾಸಿನ ಕೆಳಗೆ, ತೆಂಗಿನ ತೋಟಗಳ ಒಳಗೆ ಇರುವುದು ಆ ಊರಿನ ತಳಪಾಯ.

ನವೆಂಬರ್ 24ರಿಂದ ಡಿಸೆಂಬರ್ 2ರವರೆಗೆ ನೊವೇನ ಎಂಬ ಒಂಬತ್ತು ದಿನದ ಪ್ರಾರ್ಥನೆ, 3ರಂದು ಸಂತ ಕ್ಸೇವಿಯರರ ಹಬ್ಬ. ಆ ದಿನಗಳಲ್ಲಿ ಬೆಳಗಿನ ಜಾವದಿಂದಲೇ ಬಲಿಪೂಜೆಗಳು, ಬೆಳಗಾವಿ, ಸಾವಂತವಾಡಿ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವವರ ಸಾಲು, ರಸ್ತೆಯುದ್ದಕ್ಕೂ ಖಾಜೆಂ, ಕಡಲೆಯ ಅಂಗಡಿಗಳು. ಬಸ್ಸುಗಳನ್ನು ದೂರದಲ್ಲೇ ತಡೆಯುತ್ತಾರೆ. ಶಾಲಾ ಪ್ರವಾಸಕ್ಕೆ ಈ ಹತ್ತು ದಿನ ಬೇಡವೇ ಬೇಡ. ಭಕ್ತರಿಗೂ ತೊಂದರೆ, ಮಕ್ಕಳು ತಪ್ಪಿಸಿಕೊಳ್ಳುವ ಭಯವೂ ಉಂಟು.

ಆದ್ದರಿಂದ ತಮ್ಮಲ್ಲಿ ವಿನಂತಿ ಇಷ್ಟು. ಮುಂದಿನ ಪ್ರವಾಸದ ಕರಪತ್ರ ಅಚ್ಚು ಹಾಕಿಸುವಾಗ "ಹಳೇ ಗೋವಾ: ಬೆಳಿಗ್ಗೆ 8ರಿಂದ 12:30" ಎಂದು ಬರೆಸಿ, ಅದಕ್ಕಾಗಿ ಒಂದು ಕಡಲತೀರ ಕಡಿಮೆಯಾದರೂ ಚಿಂತೆಯಿಲ್ಲ. ಹೊರಡುವ ಹಿಂದಿನ ವಾರ ಒಂದು ಪೀರಿಯಡ್ ಈ ಊರಿಗೆಂದೇ ಮೀಸಲಿಡಿ. ಬಸ್ಸಿನ ಮೈಕು ಚಾಲಕನ ಸಹಾಯಕನ ಕೈಗಲ್ಲ, ಸಮಾಜ ವಿಜ್ಞಾನದ ಶಿಕ್ಷಕರ ಕೈಗೆ ಕೊಡಿ. ಸಂಘಟಕರು ಮಾರ್ಗದರ್ಶಿಯನ್ನು ಗೊತ್ತುಮಾಡುವುದಾದರೆ ಸರ್ಕಾರದ ಪರವಾನಗಿ ಇದ್ದವರನ್ನೇ ಮಾಡಿ, ಕನ್ನಡ ಬಲ್ಲವರು ಸಿಕ್ಕರೆ ಇನ್ನೂ ಒಳ್ಳೆಯದು. ಗೋಡೆ ಮುಟ್ಟಬಾರದು, ಪರಮಪ್ರಸಾದದ ಸಾಲಿನಲ್ಲಿ ನಿಲ್ಲಬಾರದು ಎಂಬ ಎರಡು ಮಾತನ್ನು ಬಸ್ಸಿಳಿಯುವ ಮೊದಲೇ ಹೇಳಿ. ಊರು ಬಿಡುವ ಮುನ್ನ ಅಗಸ್ಟೀನರ ಗೋಪುರದ ಕೆಳಗೆ ಮಕ್ಕಳನ್ನು ಹತ್ತು ನಿಮಿಷ ಸುಮ್ಮನೆ ಕೂರಿಸಿ, ಆಗ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರಿಸಲು ಸಿದ್ಧರಾಗಿ ಬನ್ನಿ.

ಇತಿ ತಮ್ಮ ವಿಶ್ವಾಸಿ,
ಹಳೇ ಗೋವಾವನ್ನು ಬಲ್ಲ ಕನ್ನಡಿಗ